ತುಟಿಗೆ ಕೂರುವ ಮಾತು

ಅಂಧೇರಿ, ವೀರಾ ದೇಸಾಯಿ ರಸ್ತೆ, ನೆಲಮಾಳಿಗೆ.
ಬಳೆ ಬಿಚ್ಚಿ ಪರ್ಸಿನಲ್ಲಿಡಬೇಕು,
ಗಂಜಿ ಹಾಕಿದ ಸೀರೆ ಉಡಬಾರದು,
ಹೊಟ್ಟೆ ಗುರುಗುಟ್ಟದ ಹಾಗೆ ಒಂದು ಬಾಳೆಹಣ್ಣು.
ಕೆಂಪು ದೀಪ ಹತ್ತಿದರೆ ಏಸಿ ಬಂದ್.
ಆಮೇಲೆ ನಾನು
ಎರಡನೇ ಸೀಸನ್ನಿನ ಆರನೇ ಕಂತಿನ ವೈಜಯಂತಾ.

ಕಸಾರಾ ಘಾಟಿನಾಚೆ ಯಾವುದೋ ಧಾಮ.
ಒಬ್ಬ ದಾದಾ, ದೇವರ ಅಪ್ಪಣೆಯಂತೆ ಏಳು ಹೆಂಡಿರು,
ಏಳು ಬಾಗಿಲಿಗೂ ಒಂದೇ ಹಸಿರು ಬಣ್ಣ.
ಇವಳು ಐದನೆಯವಳು.
ಹಾಲಿನ ಟೆಂಪೋದಲ್ಲಿ ಕ್ಯಾನುಗಳ ನಡುವೆ ಮುದುಡಿ
ನಸುಕಿಗೇ ಓಡಿಬಂದವಳು.
ಚಾನೆಲ್ಲಿನವರು ಅದೇ ಟೆಂಪೋ ಬಾಡಿಗೆಗೆ ತರಿಸಿ
ಮತ್ತೆ ಓಡಿಸಿದ್ದಾರೆ ಅವಳನ್ನು, ಡ್ರೋನಿನ ಕೆಳಗೆ,
ಮೂರು ಸಲ.
ಮೂರನೇ ಸಲ ಅವಳಿಗೆ ನಗು ಬಂದಿದೆ.
ಟೀವಿಯಲ್ಲಿ ಅದಿರುವುದಿಲ್ಲ,
ನನಗೆ ಬಂದ ಕಚ್ಚಾ ಪ್ರತಿಯಲ್ಲಿ ಉಳಿದುಬಿಟ್ಟಿತ್ತು.

ಗೋರೆಗಾಂವದಲ್ಲಿ ಕಟ್ಟಿದ ಸೆಟ್. ಸೋಫಾ.
ಟಿಶ್ಯೂ ಡಬ್ಬಿ ಅವಳ ಕೈಗೆ ತುಸು ದೂರ,
ಕ್ಯಾಮೆರಾಕ್ಕೆ ಸರಿಯಾಗಿ ಕಾಣುವಲ್ಲಿ.
ನಿರೂಪಕಿ ಮುಂದೆ ಬಾಗಿ ಕೇಳುತ್ತಾಳೆ:
ಎಲ್ಲಕ್ಕಿಂತ ಹೆಚ್ಚು ಕಾಡುವುದೇನು?
ಹನ್ನೊಂದು ಸೆಕೆಂಡು ಮೌನ.
ಮೌನಕ್ಕೂ ಡಬ್ಬಿಂಗ್ ಇದೆ, ಉಸಿರು ನಾನೇ ಹಾಕಬೇಕು.
ಅವಳು ಮೂಗಿನಿಂದ ಎಳೆದಲ್ಲಿ ಎಳೆದು
ಅವಳು ನುಂಗಿದಲ್ಲಿ ನುಂಗಿ.

ದಾದಾನ ಹೆಸರೇ ಬರಲಿಲ್ಲ.
'ಗಯಾಬಾಯಿಗೆ ರಾತ್ರಿಯ ಇನ್ಸುಲಿನ್ ನಾನೇ ಚುಚ್ಚುತ್ತಿದ್ದೆ.
ಸೂಜಿ ಕಂಡರೆ ಹೆದರುತ್ತಾಳೆ,
ತೋಳು ಹಿಡಿದು ಬೈಯುತ್ತಾ ಚುಚ್ಚಬೇಕು.
ಈಗ ಯಾರು ಬೈಯುತ್ತಾರೋ.
ಅವಳು ನನ್ನ ವಾಟೇಕರಿ.'

ವಾಟೇಕರಿ. ಪಾಲು ಉಳ್ಳವಳು.
ಧಾಮದಲ್ಲಿ ಒಬ್ಬರನ್ನೊಬ್ಬರು ಹಾಗೇ ಕರೆಯುತ್ತಾರಂತೆ.
ನನ್ನ ಹಾಳೆಯಲ್ಲಿ ಬರೆದಿದೆ: ಸವತಿ.

ಮೊದಲ ಟೇಕ್. ಸವತಿ ಮುಗಿದರೂ
ತೆರೆಯ ಮೇಲೆ ಅವಳ ಬಾಯಿ ಇನ್ನೂ ತೆರೆದೇ ಇದೆ,
ಒಂದಕ್ಷರದಷ್ಟು.
ಎರಡನೆಯದಕ್ಕೆ ಸವತೀ ಎಂದು ಎಳೆದೆ. ಬೈಗುಳದಂತೆ ಕೇಳಿತು.
'ಚೆನ್ನಾಗಿದೆ, ಇನ್ನೂ ಸ್ವಲ್ಪ ವಿಷ ಬರಲಿ' ಎಂದ
ಫೋನಿನೊಳಗೆ ಕೂತ ಚಾನೆಲ್ಲಿನವನು.

ವಿಷ ನನಗೆ ಗೊತ್ತು.
ಡೊಂಬಿವಲಿಯ ಚಾಳಿನಲ್ಲಿ ನನ್ನವ್ವ ಇಪ್ಪತ್ತು ವರ್ಷ
ಎಲೆಯಡಿಕೆಯ ಜೊತೆ ಆ ಪದವನ್ನೇ ಅಗಿದು ಉಗುಳಿದಳು.
ಧಾಮ ಇರಲಿಲ್ಲ, ದೇವರ ಅಪ್ಪಣೆ ಇರಲಿಲ್ಲ,
ಉಲ್ಲಾಸನಗರದಲ್ಲಿ ಅಪ್ಪನಿಗೆ ಇನ್ನೊಂದು ಬೀಗದಕೈ ಇತ್ತು, ಅಷ್ಟೆ.
ಅಪ್ಪ ಸತ್ತ ದಿನ ಕೆಇಎಂ ಶವಾಗಾರದ ಹೊರಗೆ, ಬೆಂಚಿನ ಮೇಲೆ,
ಇಬ್ಬರೂ ಒಂದೇ ಫ್ಲಾಸ್ಕಿನ ಚಹಾ ಕುಡಿದರು.
ಮುಚ್ಚಳ ಒಂದೇ ಇತ್ತು.
ಅವ್ವ ಮೊದಲು ಅವಳಿಗೆ ಕೊಟ್ಟಳು.
ಏನೆಂದು ಕರೆದು ಕೊಟ್ಟಳು?
ಕೇಳಿಸುವಷ್ಟು ಹತ್ತಿರ ನಾನು ಹೋಗಿರಲಿಲ್ಲ.

ಮೂರನೇ ಟೇಕ್.
ಹಾಳೆ ನೋಡದೆ ಅಂದೆ:
'ಅವಳು ನನ್ನ ವಾರಗಿತ್ತಿ.'

ಲೆಕ್ಕದಲ್ಲಿ ತಪ್ಪು. ಆ ನಂಟಿಗೆ ಅಣ್ಣ ತಮ್ಮ ಇಬ್ಬರು ಬೇಕು,
ಇಲ್ಲಿರುವವನು ಒಬ್ಬನೇ.
ಆದರೆ ವಾ ಎಂದಲ್ಲಿ ತುಟಿ ತೆರೆದು
ಕೊನೆಗೆ ಹಲ್ಲು ತುಸು ಕಂಡು
ನಾಲ್ಕಕ್ಷರವೂ ಅವಳ ಬಾಯಲ್ಲಿ ಕೂತವು,
ಅಳತೆ ಕೊಟ್ಟು ಹೊಲಿಸಿದ ರವಿಕೆಯ ಹಾಗೆ.

ಗಾಜಿನಾಚೆ ಮೆಲ್ರಾಯ್ ಹೆಬ್ಬೆರಳೆತ್ತಿದ: ಸಿಂಕ್ ಪಕ್ಕಾ.
ಫೋನಿನವನು: 'ಅರ್ಥ ಸರೀನಾ ಅದು?'
'ನಮ್ಮ ಕಡೆ ಹಾಗೇ ಅಂತಾರೆ' ಎಂದೆ.
ಸುಳ್ಳು.

ವೋಚರಿಗೆ ಸಹಿ. ಬಳೆ ಮತ್ತೆ ಕೈಗೆ.
ದಾದರಿನಲ್ಲಿ ಕಸಾರಾ ಲೋಕಲ್ ಸಿಕ್ಕಿತು,
ಮೂವರ ಸೀಟಿನ ತುದಿಗೆ ನಾಲ್ಕನೆಯವಳಾಗಿ ಅರ್ಧ ಕೂತೆ.
ಕೊತ್ತಂಬರಿ ಸೋಸುತ್ತಿದ್ದವಳು ಕೇಳದೆಯೇ ಒಂದಿಷ್ಟು ಸರಿದಳು.
ಗಂಟೆ ಒಂಬತ್ತು ದಾಟಿತ್ತು.
ಆ ಸೂಜಿ ಊಟಕ್ಕೆ ಮೊದಲೋ, ಆಮೇಲೋ,
ಅವಳು ಹೇಳಿರಲಿಲ್ಲ.