ಎಂಬತ್ತಾರು

ಒಂಬತ್ತು ಸೋಮವಾರಗಳಿಂದ ಮುಳ್ಳು ಅಲ್ಲೇ.
ಬೂಟು ಬಿಚ್ಚಿ ಹತ್ತಿದೆ,
ಕೋಟು ಕಳಚಿ ಹತ್ತಿದೆ,
ಓಲೆ ತೆಗೆದು ಅಂಗೈಯಲ್ಲಿ ಹಿಡಿದು ಹತ್ತಿದೆ,
ಆಮೇಲೆ ಹೊಳೆಯಿತು, ಅಂಗೈಯೂ ನನ್ನದೇ ಎಂದು.
ಜಪ್ಪಯ್ಯ ಅಂದರೂ ಜಗ್ಗಲಿಲ್ಲ.
“ಎಂಬತ್ತಾರು, ಮಗಳೇ” ಅಂದ ದುರ್ಸುನ್ ಮುದುಕ.
ಟ್ರಾಬ್ಜೋನಿನ ಚೌಕದ ಮೂಲೆಯಲ್ಲಿ
ಹಳೆಯ ತೂಕದ ಯಂತ್ರವೊಂದನ್ನು ಕಾಲುದಾರಿಗಿಟ್ಟು
ಹೋಗಿಬರುವವರ ಭಾರ ಓದಿ ಹೇಳುವುದು
ಅವನ ದುಡಿಮೆ.

ಬೆಳಕು ಹರಿಯುವ ಮೊದಲೇ ಕಪ್ಪು ಸಮುದ್ರದ ಗುಂಟ
ಹಡಗುಕಟ್ಟೆಯ ದೀಪದವರೆಗೆ ಹೋಗಿ ಬರುತ್ತೇನೆ.
ಭಾನುವಾರ ಬೋಜ್‌ತೆಪೆ ಗುಡ್ಡ.
ಮೊದಲ ಮೂರು ತಿಂಗಳು ಬೆಣ್ಣೆಯ ಹಾಗೆ ಕರಗಿದೆ:
ತೊಂಬತ್ತೇಳು, ತೊಂಬತ್ತಮೂರು, ಎಂಬತ್ತೊಂಬತ್ತು,
ಬಸ್ಸು ಊರೂರು ದಾಟಿದಂತೆ.
ಎಂಬತ್ತಾರರಲ್ಲಿ ನಿಲ್ಲಿಸಿ
ಚಹಾ ಕುಡಿಯಲು ಇಳಿದುಹೋದ ಚಾಲಕ
ಇನ್ನೂ ಬಂದಿಲ್ಲ.

ಮೆಕ್ಕೆಜೋಳದ ರೊಟ್ಟಿ ಅರ್ಧವಾಯಿತು, ಆಮೇಲೆ ಕಾಲು.
ಚಹಾಕ್ಕೆ ಸಕ್ಕರೆ ಬಿಟ್ಟು ಐದು ತಿಂಗಳು,
ಆದರೂ ಕೈ ಸುಮ್ಮನಿರದೆ
ಖಾಲಿ ಚಮಚ ತಿರುಗಿಸುತ್ತದೆ, ಕಿಣಿಕಿಣಿ,
ಏನನ್ನು ಕರಗಿಸುತ್ತಿದ್ದೇನೋ ನನಗೇ ತಿಳಿಯದು.
ಡಾಕ್ಟರಮ್ಮ ಸೆವಿಲಾಯ್, ನನ್ನ ಮಗಳ ವಯಸ್ಸು, ಹೇಳಿದಳು:
“ಮೈ ಹೆದರಿದೆ ಅಕ್ಕ,
ಬರ ಬಂತೆಂದು ಕಣಜದ ಬಾಗಿಲು ಹಾಕಿಕೊಂಡಿದೆ. ನಡೀತಾ ಇರಿ.”
ಯಾವ ಬರ? ನನ್ನ ಅಂಗಡಿಯ ತುಂಬ
ಬೆಳ್ಳಿಯ ಹಾಗೆ ಹಮ್ಸಿ ಮೀನು!

ಮೀನು ಮಾರುವವಳು, ತೂಕದ ಸುಳ್ಳೆಲ್ಲ ಬಲ್ಲೆ.
ಒದ್ದೆ ಕಾಗದ ಎಷ್ಟು ತೂಗುತ್ತದೆ,
ಹೆಬ್ಬೆರಳು ಎಷ್ಟು ತೂಗುತ್ತದೆ,
ಗಿರಾಕಿ ಅತ್ತ ತಿರುಗಿದಾಗ ಇನ್ನೆಷ್ಟು.
ಹತ್ತನೆಯ ಸೋಮವಾರ
ಐದು ಕಿಲೋದ ಕಬ್ಬಿಣದ ಬಟ್ಟನ್ನು
ಏಪ್ರನ್ನಿನಲ್ಲಿ ಸುತ್ತಿ ಚೌಕಕ್ಕೆ ಒಯ್ದೆ.

ಮುದುಕ ತುಟಿಪಿಟಕ್ಕೆನ್ನಲಿಲ್ಲ.
ತೋಳಿನಿಂದ ಗಾಜು ಒರೆಸಿ ಸರಿದು ನಿಂತ.
ಇಟ್ಟೆ.
ಐದು.
ಕೂದಲೆಳೆಯಷ್ಟು ಹೆಚ್ಚಿಲ್ಲ, ಕಮ್ಮಿಯಿಲ್ಲ.
ಅವನ ಮುಖ ನೋಡಲಾರದೆ ಬಟ್ಟನ್ನೇ ನೋಡಿದೆ.
ಬೈಯಬೇಕಿತ್ತು ಅವನು.
ಮಫ್ಲರು ಬಿಗಿದುಕೊಂಡು ಅಂದ:

“ನನಗಿಂತ ಮುಂಚೆ ಮೂವರು ಹುಟ್ಟಿದ್ದರಂತೆ.
ಒಬ್ಬ ಹನ್ನೊಂದು ದಿನ,
ಒಬ್ಬಳು ಒಂದು ಚಳಿಗಾಲ,
ಇನ್ನೊಂದಕ್ಕೆ ಹೆಸರಿಡುವ ಪುರುಸೊತ್ತೂ ಸಿಗಲಿಲ್ಲ.
ನಾಲ್ಕನೆಯವನನ್ನು ಎತ್ತಿಕೊಂಡು ಅವ್ವ
ಹಾಗೆಂದೇ ಕರೆದಳು: ದುರ್ಸುನ್. ನಿಲ್ಲಲಿ.
ಶುಕ್ರವಾರಕ್ಕೊಮ್ಮೆ ಹಿಟ್ಟಿನ ತಕ್ಕಡಿಯಲ್ಲಿ ನನ್ನ ಮಲಗಿಸಿ
ಮುಳ್ಳು ಇಳಿದಿಲ್ಲವೆಂದರೆ
ನೆರೆಮನೆಗೆಲ್ಲ ಹಲ್ವ.
ಏರುವುದು ಹಾಗಿರಲಿ,
ಇಳಿಯದಿದ್ದರೆ ಸಾಕಾಗಿತ್ತು ಅವಳಿಗೆ.”

“ಅದು ಬೇರೆ, ಇದು ಬೇರೆ” ಅಂದೆ ನಾನು.
“ಬೇರೆಯೇ” ಅಂದ, ಕೈ ಚಾಚಿ.
“ಬಟ್ಟಿಗೊಂದು ನಾಣ್ಯ, ನಿನಗೊಂದು.”

ಹಲ್ವ ಹಂಚುವ ಮನಸ್ಸೇನೂ ಬರಲಿಲ್ಲ.
ಬಟ್ಟು ಹೊತ್ತು ಇಳಿಜಾರಿನಲ್ಲಿ ಮಾರುಕಟ್ಟೆಗೆ ಬರುವಾಗ
ಔಷಧಿ ಅಂಗಡಿಯ ಮುಂದೆ ಕೈ ಸೋತು ಬಲದಿಂದ ಎಡಕ್ಕೆ,
ಮಸೀದಿಯ ನಲ್ಲಿಯ ಹತ್ತಿರ ಎಡದಿಂದ ಬಲಕ್ಕೆ.
ಐದೇ ಕಿಲೋ!
ಇಂಥವು ಎರಡು, ಮೇಲೊಂದು ಕಿಲೋ ಹಮ್ಸಿ,
ಕೈ ಬದಲಿಸಲೂ ಆಗದೆ
ಹಾಸಿಗೆಯಲ್ಲೂ ಕೆಳಗಿಡದೆ
ಹೋದ ಬೇಸಗೆಯವರೆಗೆ ಹೊತ್ತಿದ್ದೆ.
ಬಟ್ಟನ್ನು ಅದರ ಜಾಗದಲ್ಲಿಟ್ಟು
ಸ್ವಲ್ಪ ಹೊತ್ತು ಅದರ ಮೇಲೇ ಕೈಯಿಟ್ಟು ಕೂತೆ.
ಗಿರಾಕಿ ಕೆಮ್ಮಿದ.
ಆ ದಿನ ಹೆಬ್ಬೆರಳನ್ನು ದೂರವಿಟ್ಟೆ.

ನಾಳೆ ಮತ್ತೆ ಐದೂವರೆಗೆ ದಂಡೆ.
ಸೋಮವಾರ ಮತ್ತೆ ಎಂಬತ್ತಾರು ಇದ್ದೀತು,
ನನಗೆ ಮತ್ತೆ ಸಿಟ್ಟು ಬಂದೀತು.
ಚಾಲಕ ಚಹಾ ಮುಗಿಸಲಿ ನಿಧಾನ,
ಅವನ ಲೋಟದಲ್ಲಿ ಸಕ್ಕರೆಯಾದರೂ ಇದೆ.
ನಾನು ಬಸ್ಸಿಳಿದು ನಡೆಯುತ್ತಿದ್ದೇನೆ.
ಹಿಂದಿನಿಂದ ಬಂದರೆ
ಹಾರ್ನು ಹೊಡೆಯಲಿ.