ಫೋನಿನ ಪಾಲು

ಅಪಾಮ್ ದಂಡೆಯಲ್ಲಿ ಲೆಕ್ಕ ಹಳೆಯದು:
ದೋಣಿಗೊಂದು ಪಾಲು, ಬಲೆಗೊಂದು, ಮೋಟಾರಿಗೊಂದು,
ಉಳಿದದ್ದು ಎಳೆದ ತೋಳುಗಳಿಗೆ.
ಈಗ ಕೇಳುತ್ತಾರೆ, ಫೋನಿಗೆಷ್ಟು?

ಫೋನು ನನ್ನದು. ಗಾಜು ಮೂಲೆಯಲ್ಲಿ ಬಿರುಕು ಬಿಟ್ಟಿದೆ.
ಅದನ್ನು ಹಿಡಿದು ನಿಂತವನು ಹಗ್ಗ ಮುಟ್ಟಲಿಲ್ಲವೆಂದು
ಎಸ್ಸುಮನ್ ಮಾವ ಇನ್ನೂ ಗೊಣಗುತ್ತಾನೆ.

ಬಲೆ ತುಂಬಿ ಬಂದ ದಿನ ನೋಡಿದವರು ನಾನೂರು.
ಬರಿದಾಗಿ ಬಂದ ದಿನ,
ಪಾಚಿ, ಒಂದು ಚಪ್ಪಲಿ, ಎರಡು ಏಡಿ,
ಮಾವ ಬಲೆಯ ಬಾಯಿಗೆ ಮುಖವಿಟ್ಟು ಬೈದದ್ದು:
ಆರು ಲಕ್ಷ.
ಆ ಬೈಗುಳದ ನಟ್ಟನಡುವೆ
ಯಾರೋ ಬಿಳಿ ಹಲ್ಲಿನವಳು ಬಂದು
ಟೂತ್‌ಪೇಸ್ಟ್ ಹಿಂಡಿ ಹೋದಳು.

"ಇವಳು ಯಾವ ದೋಣಿಯವಳು?" ಎಂದಳು ಅರಾಬಾ,
ಮೀನು ಕೊಳ್ಳುವವಳು, ಕಾಸಿಗೆ ಕಾಸು ಎಣಿಸುವವಳು.
"ಇವಳ ಹಲ್ಲಿಂದಲೇ ನಮಗೆ ಹಣ."
"ಹಂಚುವವರು ಯಾರು?"
"ಕಾಣುವುದಿಲ್ಲ."
"ಅವರ ಪಾಲು?"
"ಮೊದಲೇ ಹಿಡಿದುಕೊಂಡಿರುತ್ತಾರೆ."
ಅರಾಬಾ ನಕ್ಕಳು: ಹಾಗಾದರೆ ಅವರೇ ದೋಣಿ.

ಹಣ ಬಂತು, ಮೂರು ತಿಂಗಳ ಮೇಲೆ.
ಮರಳಿನ ಮೇಲೆ ಗುಪ್ಪೆ ಹಾಕಿದೆವು, ಮೀನಿನಂತೆಯೇ.
ಬಲೆಗೊಂದು. ಬೈಗುಳಕ್ಕೊಂದು, ಮಾವ ಬಿಡಲಿಲ್ಲ.
ಫೋನಿಗೆ ಅರ್ಧ.
ಏಡಿಗಳನ್ನು ಅಂದೇ ತಿಂದಿದ್ದೆವು;
ಚಪ್ಪಲಿಯ ಜೋಡಿ ಇನ್ನೂ ಸಿಕ್ಕಿಲ್ಲ.

ಇವತ್ತು ಮಂಗಳವಾರ. ಕಡಲಿಗೆ ರಜೆ.
ಅಜ್ಜಂದಿರ ಕಾಲದಿಂದ ಈ ದಿನ ಯಾವ ದೋಣಿಯೂ ಇಳಿಯುವುದಿಲ್ಲ.
ಮಾವ ಬಲೆ ಹೊಲಿಯುತ್ತಿದ್ದಾನೆ.
ನನ್ನ ಜೇಬಿನಲ್ಲಿ ಅದೇ ಬಲೆ
ಮತ್ತೆ ಮತ್ತೆ ಮೇಲೆ ಬರುತ್ತಿದೆ, ಖಾಲಿ.
ಹಲ್ಲಿನವಳಿಗೆ ಮಂಗಳವಾರ ಗೊತ್ತಿಲ್ಲ.