ಅರ್ಧ ಇಂಚು

ಹುಸೇನ್‌ಪೀರಾ ಮಾಸ್ತರರಿಗೆ ಕಣ್ಣಲ್ಲಿ ಪೊರೆ ಬಂದು
ಒಂದು ಗೆರೆ ಎರಡಾಗಿ ಕಾಣತೊಡಗಿದ ಮೇಲೆ
ಸೇಠ್ ಬಂದು ನನ್ನ ಮಿಶಿನ್ನಿನ ಪಕ್ಕ ನಿಂತ.
"ಎರ್ರೆಮ್ಮಾ, ಕಟಿಂಗ್ ಟೇಬಲ್ ನೀ ನೋಡ್ಕೊಂತೀಯೇನು?
ಸೋಮವಾರ ಹೇಳು."
ಪೆಡಲಿನ ಮೇಲಿದ್ದ ಕಾಲು ಅಲ್ಲೇ ಉಳಿಯಿತು,
ಸೂಜಿ ಬಟ್ಟೆಯೊಳಗೇ.

ಹನ್ನೊಂದು ವರ್ಷ, ಕೌಲ್ ಬಜಾರಿನ ಈ ತಗಡಿನ ಕೆಳಗೆ
ಜೇಬು, ಜಿಪ್ಪು, ಸೊಂಟಪಟ್ಟಿ, ಪಾದದ ಮಡಿಕೆ.
ಜೀನ್ಸಿನ ನೀಲಿ ಉಗುರಿನ ಬುಡದೊಳಗೆ ಇಳಿದು ಕೂತಿದೆ,
ರೊಟ್ಟಿ ಬಡಿಯುವಾಗ ಹಿಟ್ಟಿನ ಮೇಲೂ ಅದನ್ನೇ ಹುಡುಕುತ್ತೇನೆ.
ಹೊಲಿಗೆ ತಪ್ಪಿದರೆ ಬಿಚ್ಚಬಹುದು,
ಬಿಚ್ಚಿದ್ದು ನನಗೂ ದಾರಕ್ಕೂ ಮಾತ್ರ ಗೊತ್ತು.
ಕತ್ತರಿಸುವುದು ಹಾಗಲ್ಲ.
ಪದರದ ಮೇಲೆ ಪದರ ಎಂಬತ್ತು ಹಾಸಿ
ಬ್ಲೇಡು ಓಡಿಸಿದೆಯೋ,
ಒಂದು ತಪ್ಪಿಗೆ ಎಂಬತ್ತು ಕಾಲು.

ಎದುರು ಸಾಲಿನ ದುರುಗಪ್ಪ ಅಂದ,
"ನನಗ ಕೇಳಿದ್ರ ಇವತ್ತ ಮಧ್ಯಾಹ್ನನ ಶುರು ಮಾಡ್ತಿದ್ದೆ."
ಅವನು ಹೊಲಿದ ಜಿಪ್ಪು ವಾರಕ್ಕೆ ಹತ್ತಾದರೂ ವಾಪಸು ಬರುತ್ತವೆ.
ನಕ್ಕೆ.
ಊಟದ ಡಬ್ಬಿ ತೊಳೆಯುವಾಗ ಆ ನಗು ನಿಂತಿತು.
ಅವನಿಗೆ ತನ್ನ ಜಿಪ್ಪು ಕಾಣುವುದಿಲ್ಲ.
ನನಗೆ ಯಾವುದು ಕಾಣುತ್ತಿಲ್ಲವೋ?

ರಾತ್ರಿ ದೇವರ ಮುಂದೆ ಚೀಟಿ ಹಾಕಲಿಲ್ಲ.
ಟೇಪು ತೆಗೆದೆ.
ಮೊದಲು ಕಣ್ಣಳತೆ ಬರೆಯುವುದು, ಆಮೇಲೆ ಅಳೆಯುವುದು,
ಮಗಳ ಹಳೇ ಲೆಕ್ಕದ ನೋಟಿನ ಹಿಂದಿನ ಹಾಳೆ.
ಅವಳ ಶಾಲೆಯ ಲಂಗ, ಕಣ್ಣಿಗೆ ಇಪ್ಪತ್ತಾರು,
ಟೇಪಿಗೆ ಇಪ್ಪತ್ತೈದೂವರೆ.
ಗಂಡನ ಪ್ಯಾಂಟಿನ ಸೊಂಟ, ಮೂವತ್ತನಾಲ್ಕೂವರೆ,
ಟೇಪಿಗೆ ಮೂವತ್ತನಾಲ್ಕು.
ದಿಂಬಿನ ಚೀಲ, ಬಾಗಿಲ ಪರದೆ, ಮಲಗಿದವನ ತೋಳು,
ಎಲ್ಲದಕ್ಕೂ ಒಂದಿಷ್ಟು ಹೆಚ್ಚೇ ಹೇಳುತ್ತಿತ್ತು ನನ್ನ ಕಣ್ಣು.
ಆಯಿತಲ್ಲ ಎರ್ರೆಮ್ಮಾ, ಅಂದುಕೊಂಡೆ,
ಇದ್ದದ್ದಕ್ಕಿಂತ ಅರ್ಧ ಇಂಚು ದೊಡ್ಡದಾಗಿ ಕಾಣುವವಳು ನೀನು.
ಇಲ್ಲ ಅಂತ ಹೇಳಿ ಬಾ.

ಸೋಮವಾರ ಎಲ್ಲರಿಗಿಂತ ಮೊದಲು ಹೋದೆ.
ಕಟಿಂಗ್ ಟೇಬಲ್ಲಿನ ಅಂಚಿಗೆ ಬಡಿದ ಸ್ಟೀಲ್ ಪಟ್ಟಿ,
ಅದರ ಮೇಲೆ, ಸುಮ್ಮನೆ, ಕೈಯ ಚಟಕ್ಕೆ,
ನನ್ನ ಟೇಪು ಹಾಸಿದೆ.
ಟೇಪಿನ ಮೂವತ್ತಾರು
ಪಟ್ಟಿಯ ಮೂವತ್ತಾರೂವರೆಯ ಮೇಲೆ ಕೂತಿತ್ತು.
ವರ್ಷಗಟ್ಟಲೆ ಕೊರಳಿಗೆ ಜೋತು, ಬೆವರು ಕುಡಿದು
ಜಗ್ಗಿಹೋಗಿತ್ತು ಅದು.
ರಾತ್ರಿಯೆಲ್ಲ ನಾನು ಅದರ ಮಾತಿಗೆ ತಲೆದೂಗಿದ್ದೆ.

ಕುಣಿಯಬೇಕೆನಿಸಿತು. ಕುಣಿಯುವಷ್ಟರಲ್ಲಿ ಮಾಸ್ತರು ಬಂದರು,
ಕೆಲಸವಿಲ್ಲದಿದ್ದರೂ ಚಹಾದ ರೂಢಿಗೆ.
"ಆಸನದ ಬಾಗು ಕತ್ತರಿಸಿ ಕೊಡವ್ವ," ಅಂದರು, ಪೇಪರು ಚಾಚಿ.
ಕೊಟ್ಟೆ. ಅವರ ಹೆಬ್ಬೆರಳು ಅಂಚಿನ ಗುಂಟ ನಡೆಯಿತು,
ಒಂದು ಕಡೆ ನಿಂತಿತು.
"ಕುಂತವ ಏಳೂವಾಗ ಇಲ್ಲೇ ಹರೀತೈತಿ."
ಇನ್ನೊಂದು ಕತ್ತರಿಸಿದೆ. ಮತ್ತೊಂದು.
ಮೂರು ಸಲವೂ ಹೆಬ್ಬೆರಳು ಅದೇ ಜಾಗದಲ್ಲಿ ನಿಂತಿತು.
ಈ ಸಲ ಟೇಪಿನ ಮೇಲೆ ಹಾಕಲು ಬರುವಂತಿರಲಿಲ್ಲ.

ಸೇಠ್ ಬಂದ. "ಏನಂತೀ?"
"ಸೊಂಟ, ತೊಡೆ, ಉದ್ದ, ನಾಳಿಂದ ನಂದು.
ವಾಶಿಂಗಿಗೆ ಹೋಗಿ ಬಟ್ಟಿ ಎಷ್ಟು ಕುಗ್ಗತೈತಿ, ಅರ್ಧ ಲೆಕ್ಕ ಗೊತ್ತು.
ಆಸನ ಬರಂಗಿಲ್ಲ.
ಮೂರು ತಿಂಗಳು ಮಾಸ್ತರಿಗೆ ಇಲ್ಲೇ ಒಂದು ಸ್ಟೂಲು ಹಾಕ್ರಿ, ಪಗಾರ ಕೊಡ್ರಿ,
ಅವರ ಬೆರಳು, ನನ್ನ ಕಣ್ಣು.
ನನ್ನ ಪಗಾರದಾಗೂ ಅರ್ಧ ಇಂಚು ಕಡಿಮಿ ಮಾಡಬ್ಯಾಡ್ರಿ."
ಸೇಠ್ ಫ್ಯಾನಿನ ಕಡೆ ನೋಡಿದ.
ಕರೆಂಟು ಹೋಯಿತು, ಬಂತು.
ಮಾಸ್ತರು ಚಹಾ ಸೊರ್ ಎಂದು ಎಳೆದರು, ಬೇಕಂತಲೇ ಜೋರಾಗಿ.

ಹಳೇ ಟೇಪು ಬಿಸಾಡಿಲ್ಲ.
ಕತ್ತರಿಸಿದ ತುಂಡುಗಳ ಕಟ್ಟು ಅದರಿಂದಲೇ ಬಿಗಿಯುತ್ತೇನೆ.
ಆ ಕೆಲಸಕ್ಕೆ
ಜಗ್ಗಿದ್ದೇ ಒಳ್ಳೆಯದು.